ತಿರುಗಪಾ ಪಾಲಿಸಿ

ಎಷ್ಟೆಲ್ಲ ಕೆಡಬಹುದಿತ್ತು. ಬೆಳಿಗ್ಗೆ ಹೊಟ್ಟೆ ಕೈಕೊಡಬಹುದಿತ್ತು; ಓಟದ ದಿನ ನನ್ನ ಹೊಟ್ಟೆಗೂ ನನಗೂ ಮೊದಲಿನಿಂದ ಹೊಂದಾಣಿಕೆಯಿಲ್ಲ. ಬೂಟಿನ ಅಟ್ಟೆ ಅರ್ಧ ದಾರಿಯಲ್ಲಿ ಬಾಯಿ ಬಿಡಬಹುದಿತ್ತು. ಎಡ ಮೊಣಕಾಲು ಹಿಡಿದುಕೊಳ್ಳಬಹುದಿತ್ತು, ಅದು ಸುಮ್ಮನಿದ್ದರೆ ಬಲದ್ದು. ಎಣ್ಣೆ ಗಿರಣಿಯ ತಿರುವಿನಲ್ಲಿ ಮಲಗುವ ಕಂದು ನಾಯಿಗೆ ಬಿಳಿ ಕಾಲುಚೀಲ ಕಂಡರಾಗದು. ಅದಕ್ಕಾಗಿ ಕಪ್ಪು ಚೀಲ ಕೊಂಡೆ, ಕೊಂಡ ಮೇಲೆ ಆ ನಾಯಿಗೆ ಕಪ್ಪೂ ಆಗದಿದ್ದರೆ ಎಂದು ಎರಡು ದಿನ ಯೋಚಿಸಿದೆ. ಜಿನ್ನಿಂಗ್ ಮಿಲ್ಲಿಗೆ ಹೋಗುವ ಹತ್ತಿ ಲಾರಿ ಮೈಮೇಲೆ ಬರಬಹುದಿತ್ತು. ಸಕ್ಕರೆ ಇಳಿದು ಕಣ್ಣಿಗೆ ಕತ್ತಲೆ ಬರಬಹುದಿತ್ತು, ಅದಕ್ಕೆಂದು ಜೇಬಿನಲ್ಲಿಟ್ಟ ಚಾಕಲೇಟು ಕರಗಿ ಚಡ್ಡಿಯ ಮಾನ ಕಳೆಯಬಹುದಿತ್ತು. ಬಳ್ಳಾರಿಯಿಂದ ಯಾರಾದರೂ ನಿವೃತ್ತ ಪೊಲೀಸು, ವಯಸ್ಸು ಐವತ್ತು ದಾಟಿದರೂ ಕಾಲು ಇನ್ನೂ ಮೂವತ್ತು ದಾಟದವನು, ಬಂದು ನಿಲ್ಲಬಹುದಿತ್ತು. ಮಂದಿ ಸಾಲದೆ ಹಿರಿಯರ ಓಟವನ್ನೇ ಕೈಬಿಡಬಹುದಿತ್ತು. ಓಟಕ್ಕೆ ಮುಂಚೆ ಇಟ್ಟಿದ್ದ ಮೌನಾಚರಣೆಯಲ್ಲಿ ನನಗೆ ನಗು ಬಂದುಬಿಡಬಹುದಿತ್ತು. ಎದೆಯ ವಿಷಯ ಕೊನೆಗೆ ಹೇಳುತ್ತೇನೆ, ಮೊದಲೇ ಹೆಸರೆತ್ತಿದರೆ ಕರೆದಂತಾಗುತ್ತದೆಂಬ ಭಯ.

ಇವು ಯಾವುವೂ ಆಗಲಿಲ್ಲ. ಆದದ್ದು ಒಂದೇ, ಅದೂ ಬೆರಳಿನಷ್ಟು ಸಣ್ಣದು. ಆದರೆ ಅದನ್ನು ಹೇಳಬೇಕಾದರೆ ಮೌನಾಚರಣೆ ಯಾರಿಗಾಗಿ ಇಟ್ಟಿದ್ದರೋ ಆ ಮನುಷ್ಯನ ವಿಷಯ ಹೇಳಬೇಕು. ನನಗೆ ಆ ಮನಸ್ಸಿಲ್ಲ. ಅವನ ಬಗ್ಗೆ ನಮ್ಮೂರು ಆದೋನಿಯಲ್ಲಿ ಸಾಕಷ್ಟು ಜನ ಒಳ್ಳೆಯದು ಹೇಳಿ ಮುಗಿಸಿದ್ದಾರೆ. ನಾನು ಉಳಿದದ್ದನ್ನು ಹೇಳುತ್ತೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಬಹುಮಾನದ ಇನ್ನೊಂದು ಕಪ್ಪು ಕೊಟ್ಟ ಹಾಗೆ. ಎದುರಿಗೆ ನಾನು ಅವನನ್ನು 'ಸಾವುಕಾರ್ರೇ' ಎಂದು ಬಹುವಚನದಲ್ಲೇ ಕರೆದೆ, ಮನಸ್ಸಿನಲ್ಲಿ ಒಂದು ದಿನವೂ ಏಕವಚನ ಬಿಡಲಿಲ್ಲ. ಇಲ್ಲಿ ಮನಸ್ಸಿನ ಪ್ರಕಾರವೇ ನಡೆಯಲಿ.

ಅವನದು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ದಲಾಲಿ ಅಂಗಡಿ, ಅಪ್ಪನ ಕಾಲದ್ದು. ಒಣಗಿದ ತೊಗರಿ ಕಟ್ಟಿಗೆಯಂಥ ಮೈ, ಹಣೆಗೆ ಮೂರು ಪಟ್ಟೆ ವಿಭೂತಿ, ಅದು ಐದು ಕಿಲೋಮೀಟರ್ ಓಡಿದರೂ ಅಳಿಸುತ್ತಿರಲಿಲ್ಲ. ಬೆವರುವುದಕ್ಕೂ ಜಿಪುಣತನ ಎಂದು ನಾನು ಹೆಂಡತಿಯ ಹತ್ತಿರ ಹೇಳುತ್ತಿದ್ದೆ. ಹತ್ತಿ ನೋಡುವವರು ಒಂದು ಚಿಟಿಕೆ ತೆಗೆದು, ಎರಡೂ ಹೆಬ್ಬೆರಳ ನಡುವೆ ಹಿಡಿದು, ಮೆಲ್ಲಗೆ ಎಳೆದು ಎಳೆಯ ಉದ್ದ ನೋಡುತ್ತಾರಲ್ಲ, ಅದೇ ಬೆರಳುಗಳಿಂದ ಅವನು ಮನುಷ್ಯರನ್ನೂ ನೋಡುತ್ತಿದ್ದ. ನಮ್ಮ ಮೊದಲ ಭೇಟಿಯಲ್ಲಿ ಅವನು ನಮಸ್ಕಾರ ಮಾಡಲಿಲ್ಲ. ಬಗ್ಗಿ ನನ್ನ ಮೀನಖಂಡ ಚಿವುಟಿದ.

"ನೀರು ಹೊಡದಾರ," ಅಂದ ಪಕ್ಕದವನಿಗೆ.

ತೂಕ ಹೆಚ್ಚಾಗಲಿ ಅಂತ ಹತ್ತಿಗೆ ನೀರು ಚಿಮುಕಿಸಿ ತರುವವರ ಮೇಲೆ ಯಾರ್ಡಿನಲ್ಲಿ ಹೊರಿಸುವ ಅಪವಾದ ಅದು. ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಕಾಲು ಅವನ ಕೈಯಲ್ಲಿತ್ತು.

ನಾನು ಓಟಕ್ಕೆ ಬಿದ್ದದ್ದು ಆರೋಗ್ಯದ ಮೇಲಿನ ಪ್ರೀತಿಯಿಂದಲ್ಲ. ನಾನು ವಿಮೆ ಏಜೆಂಟ. ಮಂದಿ ಎಷ್ಟು ರೀತಿಯಲ್ಲಿ ಸಾಯುತ್ತಾರೆ ಎಂದು ತಿಳಿದುಕೊಳ್ಳುವುದೇ ನನ್ನ ಕಸುಬು, ತಿಳಿದದ್ದನ್ನೆಲ್ಲ ನನ್ನ ಮೈಮೇಲೆ ಹುಡುಕುವುದು ನನ್ನ ಹವ್ಯಾಸ. ಐವತ್ತಕ್ಕೆ ಬಂದಾಗ ಡಾಕ್ಟರು ಸಕ್ಕರೆ ಗಡಿಯಲ್ಲಿದೆ ಅಂದರು. ಹೆಂಡತಿ ಹೊಳಗುಂದದ ಕಡೆಯವಳು, ಆಂಧ್ರ-ಕರ್ನಾಟಕ ಗಡಿಯ ಮೇಲೆ ಹುಟ್ಟಿ ಬೆಳೆದವಳು. "ಗಡಿಮ್ಯಾಗ ಅದೀವಿ ಅಂತ ನಾವೇನು ಅಳಕೋಂತ ಕುಂತೀವೇನ್ರಿ? ಎದ್ದು ಓಡ್ರಿ," ಅಂದಳು. ಎದ್ದು ಓಡಿದೆ.

ಚಳಿಗಾಲದಲ್ಲಿ ನಮ್ಮ ಕಡೆ ಓಟಗಳಿಗೆ ಬರವಿಲ್ಲ. ಗಣರಾಜ್ಯೋತ್ಸವಕ್ಕೆ ಒಂದು, ವಾಕಿಂಗ್ ಮಾಡುವವರ ಸಂಘದ ವಾರ್ಷಿಕೋತ್ಸವಕ್ಕೆ ಒಂದು, ಯಾರೋ ಹೊಸ ಆಸ್ಪತ್ರೆ ತೆರೆದರೆ ಒಂದು. ಆದೋನಿಯದು ಮುಗಿದರೆ ಪತ್ತಿಕೊಂಡದ್ದು, ಅದಾದ ಮೇಲೆ ಹೊಳಗುಂದದ್ದು. ಹುಡುಗರದು ಹತ್ತು ಕಿಲೋಮೀಟರು, ಐವತ್ತು ದಾಟಿದವರದು ಐದು. ಈ ಐವತ್ತು ದಾಟಿದವರ ಗುಂಪು ಸಣ್ಣದು. ನಾಲ್ಕು ಜನ ಓಡುತ್ತಾರೆ, ಉಳಿದವರು ಟೀಶರ್ಟಿಗಾಗಿ ಬರುತ್ತಾರೆ. ಆ ನಾಲ್ಕು ಜನರಲ್ಲಿ ಸಾವುಕಾರ ಯಾವಾಗಲೂ ಮೊದಲು. ಎರಡನೆಯವನು ನಾನು. ಸುರುವಿನ ಒಂದೆರಡು ಓಟ, ಮುಂದೆ ಹೇಳುವ ಹೊಳಗುಂದದ್ದೊಂದು ಬಿಟ್ಟರೆ, ಅಲ್ಲಿಂದ ಅವನು ಸಾಯುವವರೆಗೆ, ನಾನು ಎರಡನೆಯವನೇ.

ನನಗೆ ಬೇಕಿದ್ದದ್ದು ಬಹಳವಲ್ಲ. ಒಂದೇ ಒಂದು ಸಲ ಅವನ ಮುಂದೆ ಗೆರೆ ದಾಟಬೇಕು. ಆಮೇಲೆ ಬೂಟು ಬಿಚ್ಚಿ ಮೊಮ್ಮಕ್ಕಳಿಗೆ ಕೊಟ್ಟುಬಿಡುತ್ತೇನೆ ಅಂದುಕೊಂಡಿದ್ದೆ. ಮೊಮ್ಮಕ್ಕಳಿನ್ನೂ ಹುಟ್ಟಿಲ್ಲ, ಅದು ಬೇರೆ ಚಿಂತೆ.

ಅವನು ನನಗಿಂತ ವೇಗದವನಾಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಅವನು ವೇಗದವನಲ್ಲ. ನಾಲ್ಕನೇ ಕಿಲೋಮೀಟರಿನವರೆಗೆ ನಾನೇ ಮುಂದಿರುತ್ತಿದ್ದೆ. ಆಮೇಲೆ ಹಿಂದಿನಿಂದ ಚಪ್ಪಟೆ ಹೆಜ್ಜೆಯ ಸಪ್ಪಳ ಬರುತ್ತಿತ್ತು, ಒದ್ದೆ ಗೋಣಿ ನೆಲಕ್ಕೆ ಬಡಿದ ಹಾಗೆ. ಪಕ್ಕಕ್ಕೆ ಬಂದು, ಅಂಗಡಿ ಕಟ್ಟೆಯ ಮೇಲೆ ಕೂತು ಮಾತಾಡುವವನಂತೆ ಕೇಳುತ್ತಿದ್ದ.

"ಏನಪಾ ಪಾಲಿಸಿ, ಸಕ್ರಿ ಎಷ್ಟೈತಿ ಈಗ?"

ಪಾಲಿಸಿ ಅಂದರೆ ನಾನು. ಅವನಿಟ್ಟ ಹೆಸರು. ಊರೆಲ್ಲ ಹಿಡಿದುಕೊಂಡಿತು, ಈಗ ತರಕಾರಿಯವಳೂ ಹಾಗೇ ಕರೆಯುತ್ತಾಳೆ.

"ಚಲೋ ಐತ್ರಿ," ಅನ್ನುತ್ತಿದ್ದೆ.

"ಎದಿಯಾಗ ಏನರ ಹಿಡದಂಗ ಆತೇನು?"

"ಇಲ್ರಿ."

"ಎಡಗೈ?"

ಎಡಗೈ ಅಲ್ಲಿಯವರೆಗೆ ನನಗಿದೆ ಎಂಬುದೇ ನೆನಪಿರುತ್ತಿರಲಿಲ್ಲ. ಅವನು ಕೇಳಿದ್ದೇ ತಡ, ಭುಜದಿಂದ ಕಿರುಬೆರಳಿನವರೆಗೆ ಏನೋ ಹರಿದಂತಾಗುತ್ತಿತ್ತು.

"ಇಲ್ಲ, ಯಾಕಂದ್ರ ನಿನ್ನ ಮಾರಿ ಒಂಥರಾ ಕಾಣಕತ್ತೈತಿ. ಏನಿಲ್ಲ ಬಿಡು. ಗಾಳಿಗೇನೋ."

ಅಷ್ಟು ಹೇಳಿ ಅವನು ಮುಂದೆ ಹೋಗುತ್ತಿದ್ದ. ನಾನು ನಾಡಿ ಹಿಡಿದು ನೋಡಿಕೊಳ್ಳಲು ನಿಧಾನ ಮಾಡುತ್ತಿದ್ದೆ. ನಾಡಿ ಸರಿಯಾಗಿದೆ ಎಂದು ಖಾತ್ರಿಯಾಗುವ ಹೊತ್ತಿಗೆ ಅವನು ಗೆರೆ ದಾಟಿ ಮೂಸಂಬಿ ಸುಲಿಯುತ್ತಿರುತ್ತಿದ್ದ.

ಇದು ಒಂದು ಸಲದ ಮಾತಲ್ಲ. ಪ್ರತಿ ಸಲ. ನನಗೆ ಇದು ಅವನ ಯುಕ್ತಿ ಎಂದು ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು, ಮೂಸಂಬಿ ಹಂಚುವವರಿಗೂ ಗೊತ್ತಿತ್ತು. ಗೊತ್ತಿದ್ದರೆ ಆಯಿತೇ? ಎಡಗೈಗೆ ಗೊತ್ತಾಗಬೇಕಲ್ಲ. ಒಂದು ಸಲ ಕಿವಿಗೆ ಹತ್ತಿ ಇಟ್ಟುಕೊಂಡು ಓಡಿದೆ. ಅವನು ಪಕ್ಕಕ್ಕೆ ಬಂದು ಬಾಯಿ ಬಿಡಲಿಲ್ಲ, ತನ್ನ ಎದೆಯ ಮೇಲೆ ಅಂಗೈ ಇಟ್ಟು ಹುಬ್ಬು ಮೇಲೆತ್ತಿ ನನ್ನ ಕಡೆ ನೋಡಿದ. ಅಷ್ಟೇ. ಮುಗಿಯಿತು ನನ್ನ ಓಟ. ಮುಗಿದ ಮೇಲೆ ನನ್ನ ಕಿವಿಯಿಂದ ಹತ್ತಿ ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, "ಗಿಡ್ಡ ಎಳಿ, ನಡಿಯಂಗಿಲ್ಲ," ಅಂದ.

ನಾಡಿ ಎಣಿಸುವ ಕೈಗಡಿಯಾರ ಕೊಂಡೆ, ಇನ್ನು ನಿಲ್ಲಬೇಕಾಗಿಲ್ಲ ಎಂದು. ಅದು ಅವನು ಹತ್ತಿರ ಬಂದ ಕೂಡಲೇ ಕೀ ಕೀ ಎಂದು ಕೂಗುತ್ತಿತ್ತು. "ಪಾಲಿಸಿ, ನಿನ್ನ ಗಡಿಯಾರಕ್ಕ ನಾನಂದ್ರ ಅಂಜಿಕಿ," ಅಂತ ನಗುತ್ತಿದ್ದ. ಮಾರಿಬಿಟ್ಟೆ.

ನನ್ನಿಂದ ಅವನು ಒಂದು ಪಾಲಿಸಿಯನ್ನೂ ಮಾಡಿಸಲಿಲ್ಲ. ಯಾರ್ಡಿನ ಅರ್ಧ ದಲಾಲಿಗಳು ನನ್ನ ಗಿರಾಕಿಗಳು. ಅವನ ಅಂಗಡಿಗೆ ಹೋದರೆ ಚಹಾ ಕೊಡುತ್ತಿದ್ದ, ಮಾತು ಕೇಳುತ್ತಿದ್ದ, ಕೊನೆಗೆ ಹೇಳುತ್ತಿದ್ದ: "ನಾ ಸತ್ತರ ನನಗ ಏನು ಲಾಭ ಹೇಳು. ಲಾಭ ಏನಿದ್ರೂ ನಿನಗ. ಒಂದನೇ ನಂಬರು ಬರ್ತಿ." ಗಲ್ಲಾಪೆಟ್ಟಿಗೆಯ ಹಿಂದೆ ಗಾಜಿನ ಕಪಾಟಿನಲ್ಲಿ ಅವನು ಗೆದ್ದ ಕಪ್ಪುಗಳಿದ್ದವು. ಎಲ್ಲಕ್ಕಿಂತ ದೊಡ್ಡದರ ತುಂಬ ಪಿನ್ನೀಸುಗಳು. ನಂಬರು ಹಾಕಿಕೊಳ್ಳಲು ಓಟದವರು ಕೊಡುತ್ತಾರಲ್ಲ, ಅವು. ಒಂದನ್ನೂ ತಿರುಗಿ ಕೊಟ್ಟವನಲ್ಲ.

ಪಿನ್ನೀಸಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಓಟಗಳಲ್ಲಿ ಎರಡು ನಂಬರು ಕೊಡುತ್ತಾರೆ, ಎದೆಗೊಂದು, ಬೆನ್ನಿಗೊಂದು. ಎದೆಯದನ್ನು ಯಾರು ಬೇಕಾದರೂ ತಾವೇ ಹಾಕಿಕೊಳ್ಳಬಹುದು. ಬೆನ್ನಿನದನ್ನು ಇನ್ನೊಬ್ಬರು ಹಾಕಬೇಕು. ಹುಡುಗರಿಗೆ ಗೆಳೆಯರಿರುತ್ತಾರೆ. ನನ್ನ ಹೆಂಡತಿ ಬಿಸಿಲೇರಿದ ಮೇಲೆ ಬರುವವಳು. ಮೊದಲ ಓಟದ ದಿನ ನಾನು ಬೆನ್ನಿನ ನಂಬರು ಕೈಯಲ್ಲಿ ಹಿಡಿದು ಮೈದಾನದ ಮೂಲೆಯ ಬೇವಿನ ಮರದ ಕೆಳಗೆ ನಿಂತಿದ್ದಾಗ, ಬಾಯಲ್ಲಿ ನಾಲ್ಕು ಪಿನ್ನೀಸು ಕಚ್ಚಿಕೊಂಡು ಅವನು ಬಂದ.

"ತಿರುಗಪಾ ಪಾಲಿಸಿ."

ತಿರುಗಿದೆ. ಮೂರು ಪಿನ್ನೀಸು ಬಟ್ಟೆಗೆ ಹೋದವು, ನಾಲ್ಕನೆಯದು ಬೆನ್ನಿಗೆ ಹೋಯಿತು. ನಾನು ಹಾರಿದೆ.

"ಚುಚ್ಚಿತೇನು?"

"ಚುಚ್ಚಿತು!"

"ಹಂಗಾರ ಇನ್ನಾ ಜೀವ ಐತಿ. ನಡಿ."

ಆಮೇಲೆ ತಾನು ತಿರುಗಿ ನಿಂತ. ಅವನ ಬೆನ್ನಿನ ನಂಬರು ನಾನು ಹಾಕಬೇಕು. ಒಬ್ಬ ಮನುಷ್ಯ ನಿಮ್ಮನ್ನು ಸೋಲಿಸಲೆಂದೇ ಬಂದಿದ್ದಾನೆ, ಅವನ ಬೆನ್ನು ನಿಮ್ಮ ಮುಂದಿದೆ, ನಿಮ್ಮ ಕೈಯಲ್ಲಿ ಪಿನ್ನೀಸಿದೆ. ನಾನು ಚುಚ್ಚಬಹುದಿತ್ತು. ಸೆಪ್ಟಿಕ್ ಆದರೆ, ಧನುರ್ವಾತವಾದರೆ, ಪೊಲೀಸರು ಬಂದರೆ, ಎಂದು ಯೋಚಿಸಿ ನೆಟ್ಟಗೆ ಹಾಕಿದೆ. ಅಲ್ಲಿಂದ ಮುಂದೆ ಅದೇ ಪದ್ಧತಿ. ಯಾವ ಊರಿನ ಓಟವಾಗಲಿ, ಆ ಮೈದಾನದಲ್ಲಿ ಒಂದು ಮರ ಹುಡುಕಿ ನಾನು ನಿಲ್ಲುವುದು, ಅವನು ಬಂದು ತಿರುಗಪಾ ಅನ್ನುವುದು, ನಾಲ್ಕನೆಯ ಪಿನ್ನೀಸು ಚುಚ್ಚುವುದು, ಚುಚ್ಚಿತೇನು ಎಂದು ಕೇಳುವುದು. ಪ್ರತಿ ಓಟದ ಹಿಂದಿನ ದಿನ ನಾನು ಟಿ.ಟಿ. ಇಂಜೆಕ್ಷನ್ನಿನ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಬೆನ್ನಿನ ನಂಬರಿಗೆ ಅಷ್ಟು ಮಹತ್ವ ಬಂದದ್ದೂ ಅವನಿಂದಲೇ. ನಮ್ಮ ಓಟ ಮೈದಾನದಿಂದ ಹೊರಟು ಸಿರುಗುಪ್ಪದ ರಸ್ತೆಯಲ್ಲಿ ಜಿನ್ನಿಂಗ್ ಮಿಲ್ಲಿನವರೆಗೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಮಿಲ್ಲಿನ ಗೇಟಿನ ಹತ್ತಿರ ಒಬ್ಬ ಕುರ್ಚಿ ಹಾಕಿಕೊಂಡು ಕೂತು, ತಿರುಗಿ ಹೋಗುವವರ ಬೆನ್ನಿನ ನಂಬರು ಬರೆದುಕೊಳ್ಳುತ್ತಾನೆ, ಯಾರೂ ಅರ್ಧಕ್ಕೇ ತಿರುಗಬಾರದೆಂದು. ಮೊದಲು ಅದು ಹೆಸರಿಗಿತ್ತು. ಪತ್ತಿಕೊಂಡದ ಶಾಲಾ ವ್ಯಾನಿನ ಡ್ರೈವರ್ ಒಬ್ಬ ಬರುತ್ತಾನೆ, ಮೆತ್ತನೆಯ ಮನುಷ್ಯ, ನಾಲ್ಕು ಜನರಲ್ಲಿ ಮೂರನೆಯವನು. ಒಂದು ವರ್ಷ ಅವನು ಸಾವುಕಾರನನ್ನೇ ಹಿಂದೆ ಹಾಕಿ ಮೊದಲು ಬಂದುಬಿಟ್ಟ. ಬೆವರಿಗೆ ಅವನ ಬೆನ್ನಿನ ಕಾಗದ ನೆನೆದು ದಾರಿಯಲ್ಲಿ ಎಲ್ಲೋ ಬಿದ್ದಿತ್ತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಸಾವುಕಾರ ಮೇಜಿನ ಮುಂದೆ ನಿಂತಿದ್ದ.

"ಬೆನ್ನಿಗೆ ನಂಬರಿಲ್ಲ. ಮಿಲ್ಲಿನ ತನಕ ಹೋಗ್ಯಾನಂತ ಯಾರು ಹೇಳಬೇಕು? ನೀ ನೋಡೀಯೇನು?"

ಮೇಜಿನ ಹಿಂದಿನವರು ಹೋಗಲಿ ಬಿಡಿ ಎಂದು ತೆಲುಗು ಬೆರೆಸಿ ಸಮಾಧಾನ ಮಾಡಲು ನೋಡಿದರು. "ಪೋನೀಲೇಂಡಿ ಸಾವುಕಾರ್ಗಾರು, ಎಲ್ಲಾ ನಮ್ಮೋರೇ ಅಲ್ವಾ..."

"ನಮ್ಮೋರಂತ ಯಾರ್ಡಿನಾಗ ತೂಕ ಬಿಡ್ತೀರೇನು?"

ನಾನು ಡ್ರೈವರಿನ ಹಿಂದೆಯೇ ಮಿಲ್ಲಿನವರೆಗೆ ಓಡಿದ್ದೆ, ಕಣ್ಣಾರೆ ಕಂಡಿದ್ದೆ, ಹೇಳಿದೆ ಕೂಡ. ಸಾವುಕಾರ ನನ್ನ ಕಡೆ ತಿರುಗಿ, "ಪಾಲಿಸಿ, ನಿಮ್ಮ ಕಂಪ್ನಿಯಾಗ ಸರ್ಟಿಫಿಕೇಟ್ ಇಲ್ಲದ ಸತ್ತವಗ ರೊಕ್ಕ ಕೊಡ್ತೀರೇನು?" ಅಂದ. ಡ್ರೈವರಿನ ಹೆಸರು ಹೊಡೆದು ಹಾಕಿದರು. ಅವತ್ತಿನಿಂದ ಅದು ಕಟ್ಟುನಿಟ್ಟಿನ ನಿಯಮವಾಯಿತು: ತಿರುವಿನಲ್ಲಿ ಬೆನ್ನಿನ ನಂಬರು ಕಾಣದಿದ್ದರೆ ಓಡಿದ್ದು ಲೆಕ್ಕಕ್ಕಿಲ್ಲ. ಡ್ರೈವರ್ ವ್ಯಾನಿನಲ್ಲಿ ಕೂತು ಒಬ್ಬನೇ ಮೂಸಂಬಿ ತಿಂದ. ಸಾವುಕಾರ ಕಪ್ಪು ಹಿಡಿದು ಫೋಟೊ ತೆಗೆಸಿಕೊಂಡ.

ಅವನಲ್ಲಿ ಒಳ್ಳೆಯದು ಏನೂ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಹುಡುಕಿದ್ದೇನೆ. ಹೊಳಗುಂದದ ಓಟದಲ್ಲಿ ನನ್ನ ಮೀನಖಂಡ ಗಂಟು ಹಾಕಿಕೊಂಡು ಕಡಲೆಕಾಯಿ ಹೊಲದ ಬದುವಿನ ಮೇಲೆ ಬಿದ್ದಿದ್ದೆ. ಇದೇ ನನ್ನ ಕೊನೆ ಎಂದು ಆಕಾಶ ನೋಡುತ್ತಿದ್ದೆ. ಅವನು ಪಕ್ಕದಲ್ಲೇ ಹಾದು ಹೋದ. "ಕುಂತಿರಪಾ ಪಾಲಿಸಿ, ಬರ್ತೀನಿ," ಅಂದ, ನಿಲ್ಲಲಿಲ್ಲ. ಓಟ ಗೆದ್ದು, ಕಪ್ಪು ತೆಗೆದುಕೊಂಡು, ಉಪ್ಪಿಟ್ಟು ತಿಂದು, ಆಮೇಲೆ ಸ್ಕೂಟರ್ ತಂದ. ನನ್ನನ್ನು ಹಿಂದೆ ಕೂರಿಸಿಕೊಂಡು ಆದೋನಿಯವರೆಗೆ ಬಿಟ್ಟ. ಹೆಂಡತಿ ಬಾಗಿಲಲ್ಲಿ ನಿಂತು, "ಎಷ್ಟು ಚಲೋ ಮನಷ್ಯಾರು ನೋಡ್ರಿ," ಅಂದಳು. ಚಲೋ ಮನುಷ್ಯ ನನ್ನನ್ನು ಹತ್ತಿಸಿಕೊಂಡದ್ದು ಯಾಕೆಂದು ಅವಳಿಗೇನು ಗೊತ್ತು. ಸ್ಕೂಟರಿನ ಮೇಲೆ ಕಪ್ಪು ಹಿಡಿದುಕೊಳ್ಳಲು ಒಬ್ಬ ಬೇಕಿತ್ತು. ದಾರಿಯುದ್ದಕ್ಕೂ ಅವನ ಕಪ್ಪನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು ಕೂತಿದ್ದೆ. ಒಂದು ಹಳ್ಳದಲ್ಲಿ ಸ್ಕೂಟರ್ ಹಾರಿದಾಗ, "ಬಿತ್ತೇನು?" ಎಂದು ಗಾಬರಿಯಿಂದ ಕೇಳಿದ. ಕಪ್ಪಿನ ವಿಷಯವೇ ಕೇಳಿದ್ದು.

ಕೊನೆಯ ಓಟ ಹೋದ ಚಳಿಗಾಲದ್ದು. ಆ ಓಟಕ್ಕೆ ನಾನು ಹಿಂದೆಂದಿಗಿಂತ ಚೆನ್ನಾಗಿ ತಯಾರಾಗಿದ್ದೆ. ಇ.ಸಿ.ಜಿ. ಮಾಡಿಸಿದ್ದೆ, ಅದರ ಕಾಗದವನ್ನು ಮಡಿಸಿ ಚಡ್ಡಿಯ ಜೇಬಿನಲ್ಲಿಟ್ಟುಕೊಂಡೇ ಓಡಿದೆ. ಅವನು ಎದೆ ಎಂದು ಬಾಯಿ ತೆಗೆದರೆ ಜೇಬು ತಟ್ಟಿ ತೋರಿಸುವುದೆಂದು ನಿರ್ಧರಿಸಿದ್ದೆ. ಬೇವಿನ ಮರದ ಕೆಳಗೆ ಎಂದಿನಂತೆ ಚುಚ್ಚಿಸಿಕೊಂಡೆ. ಮಿಲ್ಲು ತಿರುಗಿದೆ, ನಾಯಿ ದಾಟಿದೆ, ನಾಲ್ಕನೇ ಕಿಲೋಮೀಟರು ಬಂತು. ಹಿಂದೆ ಗೋಣಿ ಬಡಿದ ಸಪ್ಪಳ. ಪಕ್ಕಕ್ಕೆ ಬಂದ. ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡೆ.

ಅವನು ಏನೂ ಕೇಳಲಿಲ್ಲ.

ಸುಮ್ಮನೆ ಪಕ್ಕದಲ್ಲಿ ಓಡಿದ. ನನ್ನ ಕಡೆ ನೋಡಲೂ ಇಲ್ಲ. ಇಷ್ಟು ವರ್ಷ ಕೇಳಿದವನು ಈಗ ಯಾಕೆ ಕೇಳುತ್ತಿಲ್ಲ? ಕೇಳುವುದಕ್ಕೇ ಆಗದಷ್ಟು ಕೆಟ್ಟದಾಗಿ ಕಾಣುತ್ತಿದ್ದೇನೆಯೇ? ಮುಖ ಬಿಳಿಚಿದೆಯೇ, ತುಟಿ ನೀಲಿಯಾಗಿದೆಯೇ, ಹೇಳಿದರೆ ಹೆದರುತ್ತಾನೆಂದು ಸುಮ್ಮನಿದ್ದಾನೆಯೇ? ಇ.ಸಿ.ಜಿ. ತೆಗೆದ ಹುಡುಗಿ ಆಗ ಫೋನಿನಲ್ಲಿ ಮಾತಾಡುತ್ತಿದ್ದಳು, ತಂತಿ ಸರಿಯಾಗಿ ಅಂಟಿಸಿದ್ದಳೋ ಇಲ್ಲವೋ. ನನ್ನ ಕಾಲು ತಾನೇ ನಿಧಾನವಾಯಿತು. ಅವನು ಒಂದು ಹೆಜ್ಜೆ ಮುಂದಾಗಿ ಗೆರೆ ದಾಟಿದ. ಮಾತಿನಿಂದ ಸೋಲಿಸುತ್ತಿದ್ದವನು ಆ ಸಲ ಮೌನದಿಂದಲೇ ಸೋಲಿಸಿದ.

ಕಪ್ಪು ಕೊಡುವವರೆಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಮೂಸಂಬಿ ಕೈಯಲ್ಲೇ ಇತ್ತು, ಸುಲಿದಿರಲಿಲ್ಲ. ನಾನು ತಡೆಯಲಾರದೆ ಹೋಗಿ ಕೇಳಿದೆ.

"ಸಾವುಕಾರ್ರೇ, ಈ ಸಲ ಯಾಕ ಏನೂ ಕೇಳಲಿಲ್ಲ?"

"ಕೇಳಾಕ ಉಸಿರು ಬೇಕಲ್ಲಪಾ," ಅಂದ.

ಇದೂ ಒಂದು ಹೊಸ ಯುಕ್ತಿ ಎಂದು ತಿಳಿದು ನಾನು ಮನೆಗೆ ಬಂದೆ. ಮುಂದಿನ ಓಟಕ್ಕೆ ಇದಕ್ಕೇನು ಮದ್ದು ಎಂದು ಎಷ್ಟೋ ದಿನ ಯೋಚಿಸಿದೆ.

ಬೇಸಿಗೆಯ ಒಂದು ಮಧ್ಯಾಹ್ನ, ಊಟ ಮಾಡಿ ಅಂಗಡಿಯಲ್ಲಿ ಹತ್ತಿ ಚೀಲಕ್ಕೆ ಒರಗಿ ಕೂತವನು ಹಾಗೇ ಹೋದನಂತೆ. ಸುದ್ದಿ ತಂದವನು ನನ್ನ ಗಿರಾಕಿ, ಇನ್ನೊಬ್ಬ ದಲಾಲಿ. ನನಗೆ ಮೊದಲು ಬಂದ ಯೋಚನೆಯನ್ನು ಇದ್ದಂತೆಯೇ ಬರೆಯುತ್ತೇನೆ: ಮುಂದಿನ ಓಟ ನನ್ನದು. ಎರಡನೆಯ ಯೋಚನೆ: ಇಷ್ಟು ಓಡಿದವನೇ ಹೋದ ಮೇಲೆ ನನ್ನ ಗತಿ ಏನು. ಮೂರನೆಯ ಯೋಚನೆ ಬರುವುದರೊಳಗೆ ಹೆಂಡತಿ ಕೈಗೆ ಚಪ್ಪಲಿ ಕೊಟ್ಟು, "ಹೋಗಿ ಮಾತಾಡ್ಸಿಕೊಂಡು ಬರ್ರಿ," ಅಂದಳು.

ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನಾನು ಯಾರೆಂದು ಯಾರೋ ಹೇಳಿದರು. ಅವರು ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನ್ರಿ ಪಾಲಿಸಿ?"

"ಹೌದ್ರಿ."

"ನಿಮ್ಮಿಂದ ನಮ್ಮ ಮನ್ಯಾಗ ಒಬ್ಬರಿಗೂ ನಿದ್ದಿ ಇರಲಿಲ್ಲ. ಕತ್ತಲಿದ್ದಾಗ ಏಳೋದು, ಲೈಟ್ ಹಾಕೋದು. ಮಲಕ್ಕೋರಿ ಅಂದ್ರ, ಆ ಪಾಲಿಸಿ ಈಗ ಎದ್ದಿರ್ತಾನ, ಓಡಕತ್ತಿರ್ತಾನ, ಅನ್ನೋರು. ಡಾಕ್ಟ್ರು ಓಡಬ್ಯಾಡ್ರಿ ಅಂತ ಹೇಳಿ ವರ್ಷ ಆಗಿತ್ತು. ಆ ಪಾಲಿಸಿ ಮುಂದ ಓಟ ಬಿಡಂಗಿಲ್ಲ ಅನ್ನೋರು."

ನಾನು ಆ ಹೊತ್ತಿನಲ್ಲಿ ಒಂದು ದಿನವೂ ಎದ್ದವನಲ್ಲ. ಸೂರ್ಯ ಮುಖಕ್ಕೆ ಹೊಡೆಯುವವರೆಗೆ ಹೊದ್ದು ಮಲಗಿರುತ್ತೇನೆ. ಅದನ್ನು ಹೇಳುವ ಜಾಗ ಅದಲ್ಲ ಎಂದು ಕೈ ಮುಗಿದು ಎದ್ದು ಬಂದೆ. ದಾರಿಯಲ್ಲಿ ಬರುತ್ತ, ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಎದೆಯೊಳಗೆ ಏನೋ ಹಗುರವಾಯಿತು. ಇಷ್ಟು ವರ್ಷ ನಾನೊಬ್ಬನೇ ಚಿಂತೆ ಮಾಡಿದೆ ಎಂದುಕೊಂಡಿದ್ದೆ. ಅವನಿಗೂ ನಿದ್ದೆ ಕೆಡಿಸಿದ್ದೆ. ಮಲಗಿಕೊಂಡೇ.

ಈ ಚಳಿಗಾಲದ ಓಟ ಬಂತು. ಸಂಘದವರು ಅವನ ಫೋಟೊಗೆ ಹಾರ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ಫೋಟೊದಲ್ಲಿ ಅವನ ಕೈಯಲ್ಲಿದ್ದದ್ದು ಡ್ರೈವರಿನಿಂದ ಕಿತ್ತುಕೊಂಡ ಕಪ್ಪು. ಒಂದು ನಿಮಿಷ ಮೌನ ನಿಂತೆವು. ಡ್ರೈವರ್ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಒಳ್ಳೆಯವನು. ನಾನು ತಗ್ಗಿಸಲಿಲ್ಲ. ಫೋಟೊವನ್ನೇ ನೋಡುತ್ತ, ಇವತ್ತು ಕೇಳು ನೋಡೋಣ, ಎಂದುಕೊಂಡೆ.

ಸೀಟಿ ಊದಿದರು. ಓಡಿದೆ. ಹೊಟ್ಟೆ ಸುಮ್ಮನಿತ್ತು. ಮೊಣಕಾಲು ಎರಡೂ ಇದ್ದವು. ನಾಯಿ ಒಂದು ಕಣ್ಣು ತೆರೆದು ನನ್ನ ಕಪ್ಪು ಚೀಲ ನೋಡಿ ಮತ್ತೆ ಮುಚ್ಚಿತು. ರಸ್ತೆಯ ಜಾಲಿ ಮುಳ್ಳಿಗೆ ಲಾರಿಯಿಂದ ಹಾರಿದ ಹತ್ತಿ ಸಿಕ್ಕಿಕೊಂಡು ಅಲ್ಲಲ್ಲಿ ಬೆಳ್ಳಗಿತ್ತು. ಮಿಲ್ಲಿನ ಗೇಟಿನಲ್ಲಿ ಕುರ್ಚಿಯವನು ನನ್ನ ಹಿಂದಿನಿಂದ ಏನೋ ಕೂಗಿದ, "ಅಣ್ಣಾ, ಅಣ್ಣಾ," ಎಂದು. ಹುರಿದುಂಬಿಸುತ್ತಿದ್ದಾನೆ ಎಂದು ತಿಳಿದು ನಾನು ಕೈ ಬೀಸಿದೆ. ನಾಲ್ಕನೇ ಕಿಲೋಮೀಟರು ಬಂತು. ಹಿಂದೆ ಯಾವ ಸಪ್ಪಳವೂ ಇಲ್ಲ. ಎಡಗೈ ತನ್ನ ಪಾಡಿಗೆ ತಾನು ಬೀಸುತ್ತಿತ್ತು. ಯಾರೂ ಕೇಳಲಿಲ್ಲ. ನಾನೇ ಒಮ್ಮೆ ಕೇಳಿಕೊಂಡೆ: ಎದಿಯಾಗ ಏನರ ಹಿಡದಂಗ ಆತೇನು? ಇಲ್ಲ. ಓಡಿದೆ. ಡ್ರೈವರನ್ನು ದೊಡ್ಡ ಅಂತರದಲ್ಲಿ ಹಿಂದೆ ಹಾಕಿ, ಎಲ್ಲರಿಗಿಂತ ಮುಂದೆ, ಗೆರೆ ದಾಟಿದೆ. ಬದುಕಿನಲ್ಲಿ ಮೊದಲ ಸಲ. ಹೆಂಡತಿ ಆಗ ತಾನೇ ಆಟೊ ಇಳಿಯುತ್ತಿದ್ದಳು, ಅಲ್ಲಿಂದಲೇ ಚಪ್ಪಾಳೆ ಹೊಡೆದಳು.

ಮೇಜಿನ ಹತ್ತಿರ ಹೋದೆ. ಅಲ್ಲಿ ಕೂತಿದ್ದವನು ಫೋನನ್ನು ಕಿವಿಗಿಟ್ಟುಕೊಂಡು ಮಿಲ್ಲಿನ ಗೇಟಿನವನ ಜೊತೆ ಮಾತಾಡುತ್ತಿದ್ದ. ನನ್ನ ಎದೆ ನೋಡಿದ, ಎದ್ದು ಬಂದು ಹಿಂದೆ ಹೋಗಿ ನೋಡಿದ.

"ವೆನಕ ನಂಬರ್ ಏದಿ ಅಣ್ಣಾ?"

ಬೆನ್ನಿನ ನಂಬರೆಲ್ಲಿ ಎಂದು. ನಾನು ಕೈ ಹಿಂದೆ ಹಾಕಿ ತಡವಿದೆ. ಬರೀ ಒದ್ದೆ ಬನಿಯನ್ನು. ಚಡ್ಡಿಯ ಜೇಬಿಗೆ ಕೈ ಹಾಕಿದೆ. ಚಾಕಲೇಟಿನ ಜೊತೆ, ನೀಟಾಗಿ ನಾಲ್ಕು ಮಡಿಕೆ ಮಾಡಿದ ಕಾಗದ, ಅದಕ್ಕೆ ಸಿಕ್ಕಿಸಿದ ನಾಲ್ಕು ಪಿನ್ನೀಸು.

"ತಿರುವಿನಾಗ ನಿಮ್ಮ ನಂಬರೇ ಬರಕೊಂಡಿಲ್ಲಣ್ಣಾ. ರೂಲು... ನಿಮಗ ಗೊತ್ತಲ್ಲ. ಸಾವುಕಾರ್ಗಾರು ಪೆಟ್ಟಿಂದೇ."

ಸಾವುಕಾರನೇ ಇಟ್ಟ ನಿಯಮ. ಮೇಜಿನ ಮೇಲೆ, ಹಾರದೊಳಗಿಂದ, ಅವನು ನನ್ನ ಕಡೆ ನೋಡುತ್ತಿದ್ದ.

ಕಪ್ಪು ಡ್ರೈವರಿಗೆ ಹೋಯಿತು. ಅವನು ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ, "ನಾನೇನೂ ಹೇಳಿಲ್ಲಣ್ಣಾ, ದೇವರಾಣಿ," ಎಂದು ನನ್ನ ಕೈ ಹಿಡಿದುಕೊಂಡ. ತಗೋಪಾ, ನಿನಗೆ ಬರಬೇಕಾದದ್ದೇ ಬಂತು, ಎಂದು ನಾನೇ ಅವನನ್ನು ಮುಂದೆ ತಳ್ಳಿದೆ. ಎರಡನೆಯ ಬಹುಮಾನವೂ ನನಗಿಲ್ಲ. ಓಡಿಯೇ ಇಲ್ಲದವನಿಗೆ ಎಲ್ಲಿಯದು. ಸತ್ತ ಮೇಲೂ ಅವನು ನನ್ನನ್ನು ಹಿಂದೆ ಹಾಕಿದ್ದ, ಅದೂ ಬೆವರದೆ.

ಹೆಂಡತಿ ಮೂಸಂಬಿ ಸುಲಿದು ಕೊಡುತ್ತ ಬೈದಳು. "ಇಷ್ಟೆಲ್ಲ ಚಿಂತಿ ಮಾಡ್ತೀರಿ. ನಾಯಿಗೆ ಯಾವ ಕಾಲುಚೀಲ ಸೇರ್ತೈತಿ ಅಂತ ಚಿಂತಿ ಮಾಡ್ತೀರಿ. ಬೆನ್ನಿಗೊಂದು ಕಾಗದ ಹಾಕಪಾ ಅಂತ ಯಾರಿಗರ ಒಂದು ಮಾತು ಹೇಳಾಕ ಆಗಲಿಲ್ಲೇನ್ರಿ? ಮೈದಾನ ತುಂಬ ಮಂದಿ ಇದ್ರಲ್ಲ. ಮೌನ ಮುಗಿದು ಸೀಟಿ ಊದೋತನಕ ಏನು ಮಾಡಕತ್ತಿದ್ರಿ ನೀವು?"

ನಾನು ಮೂಸಂಬಿ ತೊಳೆ ಬಾಯಿಗೆ ಹಾಕಿಕೊಂಡೆ. ಸೀಟಿ ಊದುವವರೆಗೂ ಬೇವಿನ ಮರದ ಕೆಳಗೆ ಹೋಗಿ, ಬೆನ್ನು ತಿರುಗಿಸಿ ನಿಂತಿದ್ದೆ.